ಜವುಗಿನ ಹಕ್ಕಿಯೂ ಕೆರೆಯ ಶಾಸನವೂ



ಚಿತ್ರದುರ್ಗವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ತೋರುವುದು ಕಲ್ಲು. ಏಳು ಸುತ್ತಿನ ಕೋಟೆ, ಒಂದರ ಮೇಲೊಂದು ಏರಿಸಿಟ್ಟಂತಿರುವ ಬಂಡೆಗಳು, ಬಂಡೆಗಳ ನಡುವೆ ಬಿಸಿಲು. ಆ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಹಿರಿಯೂರಿನ ಕಡೆಗೆ ಅದೂ ಕಡಮೆಯೇ. ಇಂಥ ನೆಲದಲ್ಲಿ ನಾವು ಜವುಗಿನ ಹಕ್ಕಿಯೊಂದನ್ನು ಹುಡುಕಿಕೊಂಡು ಹೊರಟೆವೆಂದರೆ ಕೇಳಿದವರು ನಗುವುದು ಸಹಜ. ನಮ್ಮ ಸ್ನೇಹಿತರೊಬ್ಬರು ನಕ್ಕೇ ನಕ್ಕರು. ಆದರೆ ಆ ಹಕ್ಕಿ ಅಲ್ಲಿ ಉಂಟು. ಅದು ಅಲ್ಲಿ ಏಕೆ ಉಂಟು, ಅದನ್ನು ಗುರುತಿಸುವುದರಲ್ಲಿ ಲೋಕದ ಪಂಡಿತರೂ ಅವರ ಹಿಂದೆಯೇ ನಾವೂ ಹೇಗೆ ತಪ್ಪಿದೆವು, ಆ ತಪ್ಪಿನಿಂದ ಕಲಿಯತಕ್ಕದ್ದೇನು, ಎಂಬುದೇ ಈ ಹೊತ್ತಿನ ನಮ್ಮ ಮಾತಿನ ವಿಷಯ.

ಮೊದಲು ನೆಲದ ಮಾತು. ಬಯಲುಸೀಮೆಯ ಜವುಗು ಬಹುಮಟ್ಟಿಗೆ ಪ್ರಕೃತಿಯು ಕೊಟ್ಟದ್ದಲ್ಲ, ಮನುಷ್ಯರು ಕಟ್ಟಿದ್ದು. ನಮ್ಮ ಹಿರಿಯರು ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿದರು, ತೂಬಿಟ್ಟರು, ಕೋಡಿ ಬಿಟ್ಟರು. ಏರಿಯ ಕೆಳಗೆ ಗದ್ದೆಯಾಯಿತು. ಏರಿಯ ಹಿಂದೆ ನೀರು ನಿಂತಿತು. ಆ ನೀರು ತೆಳುವಾಗುತ್ತ ಹೋಗಿ ನೆಲವನ್ನು ಸೇರುವ ಮೇಲಂಚಿನಲ್ಲಿ ಕೆಸರು, ಹುಲ್ಲು, ಜೊಂಡು ಬೆಳೆದವು. ಗದ್ದೆಯು ರೈತನ ಪಾಲು. ನಿಂತ ನೀರು ಊರಿನ ಪಾಲು. ಆ ಮೇಲಂಚಿನ ಕೆಸರು ಯಾರ ಲೆಕ್ಕಕ್ಕೂ ಸೇರದೆ ಹಕ್ಕಿಗಳ ಪಾಲಾಯಿತು. ಹೊಳಲ್ಕೆರೆ ಎಂಬ ಹೆಸರಿನಲ್ಲಿಯೇ ಕೆರೆಯಿದೆ. ಹೊಳಲು ಎಂದರೆ ಪಟ್ಟಣ. ಪಟ್ಟಣವನ್ನೂ ಕೆರೆಯನ್ನೂ ಒಂದೇ ಹೆಸರಿನಲ್ಲಿ ಬೆಸೆದ ಜನಕ್ಕೆ, ಒಂದಿಲ್ಲದೆ ಇನ್ನೊಂದಿಲ್ಲವೆಂಬುದು ಚೆನ್ನಾಗಿ ತಿಳಿದಿದ್ದಿರಬೇಕು.

ಈ ಕೆಲಸ ಎಷ್ಟು ಹಳೆಯದು? ಚಿತ್ರದುರ್ಗದ ಮಗ್ಗುಲಲ್ಲಿಯೇ ಇರುವ ಚಂದ್ರವಳ್ಳಿಯಲ್ಲಿ ಬಂಡೆಯ ಮೇಲೆ ಕೆತ್ತಿದ ಒಂದು ಚಿಕ್ಕ ಶಾಸನವಿದೆ. ಅದರ ಭಾಷೆ ಪ್ರಾಕೃತ. ಕಾಲ ಕ್ರಿಸ್ತಶಕ ನಾಲ್ಕನೆಯ ಶತಮಾನ. ಅದರಲ್ಲಿರುವ ಹೆಸರು ಕದಂಬರ ಮಯೂರಶರ್ಮನದು. ಮೈಸೂರು ಪ್ರಾಕ್ತನ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಇದನ್ನು ಬೆಳಕಿಗೆ ತಂದರು. ಕದಂಬ ವಂಶದ ಮೂಲಪುರುಷನು ತನ್ನ ಹೆಸರಿನೊಡನೆ ಅಲ್ಲಿ ಬರೆಯಿಸಿದ್ದು ಅರಮನೆಯ ವಿಷಯವನ್ನಲ್ಲ, ಕೆರೆಯ ವಿಷಯವನ್ನು. ಆ ಬರಹದಲ್ಲಿ ಅವನು ಗೆದ್ದ ದೇಶಗಳ ಹೆಸರುಗಳೂ ಇವೆಯೆಂದು ಕೃಷ್ಣ ಅವರು ಓದಿದರು. ಆಮೇಲಿನ ವಿದ್ವಾಂಸರು ಅದೇ ಸವೆದ ಅಕ್ಷರಗಳನ್ನು ಮತ್ತೆ ನೋಡಿ, ಆ ದೇಶಗಳ ಪಟ್ಟಿಯನ್ನು ಸಂದೇಹಿಸಿದರು. ಬೇರೆ ರೀತಿಯಲ್ಲಿ ಓದಿದವರೂ ಉಂಟು. ಆದರೆ 'ತಟಾಕ' ಎಂಬ ಮಾತನ್ನು ಯಾರೂ ಅಳಿಸಲಿಲ್ಲ. ವಿಜಯಗಳು ವಾದಕ್ಕೆ ಬಿದ್ದವು, ಕೆರೆ ಉಳಿಯಿತು. ಈ ಸಂಗತಿಯನ್ನು ಕೇಳುಗರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಂಡಿರಬೇಕೆಂದು ಪ್ರಾರ್ಥನೆ. ಹಕ್ಕಿಯ ಮಾತಿಗೆ ಬಂದಾಗ ಇದರಿಂದ ನಮಗೆ ಪ್ರಯೋಜನವುಂಟು.

ಮಯೂರಶರ್ಮನಿಂದ ಈಚೆಗೆ ಬಂದರೆ ದುರ್ಗದ ಪಾಳೆಯಗಾರರು. ಬೆಟ್ಟದ ಮೇಲೆ ಬಿದ್ದ ಮಳೆಯು ಒಂದು ಹೊಂಡದಿಂದ ಇನ್ನೊಂದಕ್ಕೆ ಇಳಿಯುತ್ತ ಕೆಳಗಿನ ಊರಿನವರೆಗೆ ಬರುವಂತೆ ಅವರು ಮಾಡಿದ ಏರ್ಪಾಟು ಇಂದಿಗೂ ನೋಡತಕ್ಕದ್ದು. ಅವರಲ್ಲಿ ಭರಮಣ್ಣ ನಾಯಕನು ದೇವಾಲಯಗಳನ್ನು ಕಟ್ಟಿಸಿದಂತೆಯೇ ಕೆರೆಗಳನ್ನೂ ಕಟ್ಟಿಸಿದನೆಂದು ಪ್ರಸಿದ್ಧಿ. ಇನ್ನೂ ಈಚೆಗೆ, 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿದದ್ದು ಮಾರಿಕಣಿವೆಯ ಕಟ್ಟೆ. ಹೊಸದುರ್ಗದ ಸೀಮೆಯನ್ನು ಹಾದು ಬರುವ ವೇದಾವತಿಯನ್ನು ಹಿರಿಯೂರಿನ ಮೇಲ್ಗಡೆ ಎರಡು ಬೆಟ್ಟಗಳ ನಡುವೆ ತಡೆದು ನಿಲ್ಲಿಸಿ, ಅಂದಿನ ರಾಜಮಾತೆಯವರ ಹೆಸರಿನಿಂದ ಅದಕ್ಕೆ ವಾಣೀವಿಲಾಸಸಾಗರವೆಂದು ನಾಮಕರಣ ಮಾಡಿದರು. ಈ ಸಾಗರವು 1933ರಲ್ಲಿ ಒಮ್ಮೆ ತುಂಬಿ ಕೋಡಿ ಹರಿಯಿತು. ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಭತ್ತೊಂಬತ್ತು ವರ್ಷಗಳು ಕಳೆದ ಮೇಲೆ. ಈ ನಡುವಣ ವರ್ಷಗಳಲ್ಲಿ ನೀರು ಏರಿದಂತೆಯೂ ಇಳಿದಂತೆಯೂ ಅದರ ಹಿನ್ನೀರಿನ ಅಂಚು ಮುಂದೆ ಸರಿಯಿತು, ಹಿಂದೆ ಸರಿಯಿತು. ಜವುಗಿನ ಹಕ್ಕಿಗೆ ಆಳವಾದ ನೀರಿನಿಂದ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದು ಈ ಸರಿದಾಡುವ ಅಂಚು.

ಈಗ ಹಕ್ಕಿಯ ಮಾತು. ಕೆಲವು ವರ್ಷಗಳ ಹಿಂದೆ, ಕಾರ್ತಿಕಮಾಸದ ಒಂದು ಸಂಜೆ, ನಾವು ಹೊಳಲ್ಕೆರೆಯ ಕಡೆಯ ಒಂದು ಸಣ್ಣ ಕೆರೆಯ ಹಿಂಬದಿಯಲ್ಲಿ ಕುಳಿತಿದ್ದೆವು. ಕೈಯಲ್ಲಿ ದುರ್ಬೀನು, ತೊಡೆಯ ಮೇಲೆ ಟಿಪ್ಪಣಿಯ ಪುಸ್ತಕ. ಹೊತ್ತು ಮುಳುಗಿತು. ಟಿಟ್ಟಿಭಗಳು ಕೂಗಿ ಸುಮ್ಮನಾದವು. ಆಗ, ಅಷ್ಟು ಹೊತ್ತೂ ಬರಿಯ ಕೆಸರೆಂದು ನಾವು ತಿಳಿದಿದ್ದ ಜಾಗದಿಂದ ಒಂದು ಹಕ್ಕಿ ಎದ್ದು ನಡೆಯತೊಡಗಿತು. ಅದು ಬೇರೆಲ್ಲಿಂದಲೋ ಬಂದದ್ದಲ್ಲ. ನಮ್ಮ ಕಣ್ಣೆದುರಿಗೇ ಅಲುಗದೆ ನಿಂತಿದ್ದದ್ದು. ಗೌಜುಗಕ್ಕಿಂತ ಚಿಕ್ಕ ಮೈ. ಉದ್ದವಾದ, ತುದಿಯಲ್ಲಿ ತುಸು ಬಾಗಿದ ಕೊಕ್ಕು. ಕುತ್ತಿಗೆಯೂ ಎದೆಯ ಮೇಲ್ಭಾಗವೂ ಕಡುಗೆಂಪು. ಕಣ್ಣಿನ ಸುತ್ತ ಬಿಳಿಯ ಪಟ್ಟಿ, ಅದು ಹಿಂದಕ್ಕೆ ಚಾಚಿ ಕನ್ನಡಕದ ಕಡ್ಡಿಯಂತೆ ಕಾಣುತ್ತಿತ್ತು. ಎದೆಯ ಪಕ್ಕದಿಂದ ಹೆಗಲ ಮೇಲಕ್ಕೆ ಏರಿದ ಬಿಳಿಯ ಪಟ್ಟೆ. ನಡೆಯುವಾಗ ಹಿಂಭಾಗವನ್ನು ಮೇಲಕ್ಕೂ ಕೆಳಕ್ಕೂ ತೂಗುತ್ತಿತ್ತು. ಅದರ ಹಿಂದೆ ಇನ್ನೊಂದು ಬಂದಿತು. ಅದರ ಬಣ್ಣ ಮಾತ್ರ ಬೇರೆ: ಒಣಹುಲ್ಲಿನಂತೆ ಬೂದುಗಂದು, ರೆಕ್ಕೆಯ ಮೇಲೆ ಹೊಂಬಣ್ಣದ ಚುಕ್ಕೆಗಳು.

ಬೇಟೆಗಾರರ ಭಾಷೆಯಲ್ಲಿ ಇದು ಪೇಂಟೆಡ್ ಸ್ನೈಪ್, ಎಂದರೆ ಬಣ್ಣದ ಸ್ನೈಪ್ ಹಕ್ಕಿ. ನಮಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಕೂಡಲೆ ಪುಸ್ತಕದಲ್ಲಿ ಬರೆದೆವು: 'ಒಂದು ಜೋಡಿ. ಬಣ್ಣದ್ದು ಗಂಡು, ಮಬ್ಬಾದದ್ದು ಹೆಣ್ಣು.' ನವಿಲನ್ನು ನೋಡಿ ಬೆಳೆದ ನಮಗೆ ಇದರಲ್ಲಿ ಸಂದೇಹವೇ ತೋರಲಿಲ್ಲ.

ಎಮ್ಮೆಗಳನ್ನು ಹೊಡೆದುಕೊಂಡು ಏರಿಯ ಮೇಲೆ ಬರುತ್ತಿದ್ದ ವೃದ್ಧರೊಬ್ಬರು ನಮ್ಮನ್ನು ಕಂಡು ನಿಂತರು. ಏನು ನೋಡುತ್ತಿರುವಿರೆಂದು ಕೇಳಿದರು. ಹೇಳಿದೆವು. ಗಂಡು ಹೆಣ್ಣುಗಳ ಮಾತು ಬಂದಾಗ ಅವರು ತಲೆಯಾಡಿಸಿ, "ಆ ಕೆಂಪಂದು ಹೆಣ್ಣು ಸ್ವಾಮಿ" ಎಂದರು.

"ಮೊಟ್ಟೆಯ ಮೇಲೆ ಕೂರುವುದು ಯಾವುದು, ಯಜಮಾನರೇ?" ಎಂದು ಕೇಳಿದೆವು.

"ಕೂರೋದು ಮಬ್ಬು ಬಣ್ಣದ್ದು."

"ಹಾಗಾದರೆ ಅದೇ ಹೆಣ್ಣಲ್ಲವೆ?"

"ಇಡೋದು ಒಂದು, ಕೂರೋದು ಇನ್ನೊಂದು. ಮರಿ ಮೇಯಿಸೋದೂ ಆ ಮಬ್ಬಂದೇ" ಎಂದು ಹೇಳಿ, ಅವರು ಎಮ್ಮೆಗಳ ಹಿಂದೆ ಹೊರಟುಹೋದರು.

ನಾವು ಅದನ್ನು ಹಳ್ಳಿಯ ಹಾಸ್ಯವೆಂದೇ ತಿಳಿದೆವು. ಊರಿಗೆ ಬಂದು ಗ್ರಂಥಗಳನ್ನು ತೆರೆದಾಗ ನಾಚಿಕೆಯಾಯಿತು. ವೃದ್ಧರು ಹೇಳಿದ್ದು ಅಕ್ಷರಶಃ ಸತ್ಯ. ಈ ಜಾತಿಯಲ್ಲಿ ಬಣ್ಣವೂ ಹೆಣ್ಣಿಗೆ, ದೊಡ್ಡ ಮೈಯೂ ಹೆಣ್ಣಿಗೆ, ದನಿಯೂ ಹೆಣ್ಣಿಗೆ. ಮುಸ್ಸಂಜೆಯಲ್ಲಿಯೂ ರಾತ್ರಿಯಲ್ಲಿಯೂ, ಖಾಲಿ ಸೀಸೆಯ ಬಾಯಿಗೆ ಮೆಲ್ಲನೆ ಊದಿದಂತೆ, ಕೂಗಿ ಕರೆಯುವುದು ಹೆಣ್ಣು. ಅದು ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಟ್ಟು ಗಂಡಿನ ವಶಕ್ಕೆ ಬಿಟ್ಟು, ಒಂದೇ ಋತುವಿನಲ್ಲಿ ಬೇರೊಂದು ಗಂಡನ್ನು ಕೂಡುವುದೂ ಉಂಟು. ಕಾವು ಕೂರುವುದೂ ಮರಿಗಳನ್ನು ಕಾಯುವುದೂ ಗಂಡಿನ ಕೆಲಸ. ನೆಲದ ಮೇಲೆ ಗೂಡಿನಲ್ಲಿ ಕೂರಬೇಕಾದ ಗಂಡಿಗೆ ಒಣಹುಲ್ಲಿನ ಬಣ್ಣವೇ ರಕ್ಷೆ.

ಈ ತಪ್ಪಿನಲ್ಲಿ ನಾವು ಒಬ್ಬಂಟಿಗರಲ್ಲವೆಂಬುದೊಂದು ಸಮಾಧಾನ. ಈ ಹಕ್ಕಿಯನ್ನು ಗುರುತಿಸಿದ ಚರಿತ್ರೆಯೇ ತಪ್ಪುಗಳ ಚರಿತ್ರೆ. ಇಂಗ್ಲೆಂಡಿನ ಚಿತ್ರಕಾರ ಎಲಿಯೇಜರ್ ಆಲ್ಬಿನ್ ಎಂಬಾತನು ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ರಕಟಿಸಿದ ಪಕ್ಷಿಗ್ರಂಥದಲ್ಲಿ ಇದರ ಚಿತ್ರವಿತ್ತು. ಅವನು ಅದನ್ನು ನಮ್ಮ ಹುಂಡುಕೋಳಿಯ ಬಳಗಕ್ಕೆ ಸೇರಿಸಿದನು. ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1758ರಲ್ಲಿ ಜೀವಿಗಳಿಗೆಲ್ಲ ಹೆಸರಿಡುವಾಗ ಆ ಚಿತ್ರವನ್ನು ಆಧಾರವಾಗಿಟ್ಟುಕೊಂಡು ರಾಲಸ್ ಬೆಂಗಾಲೆನ್ಸಿಸ್, ಎಂದರೆ ಬಂಗಾಳದ ಹುಂಡುಕೋಳಿ, ಎಂದು ಕರೆದನು. ಅದೇ ಪಂಡಿತನು 1766ರಲ್ಲಿ ಆಫ್ರಿಕದ ದಕ್ಷಿಣ ತುದಿಯಿಂದ ಬಂದ ಇದೇ ಹಕ್ಕಿಯನ್ನು ಸ್ನೈಪ್ ಬಳಗಕ್ಕೆ ಸೇರಿಸಿ ಇನ್ನೊಂದು ಹೆಸರಿಟ್ಟನು. ಒಂದೇ ಹಕ್ಕಿ, ಒಬ್ಬನೇ ಪಂಡಿತ, ಎರಡು ಹೆಸರು, ಎರಡು ಬಳಗ! ಈಗ ಅದಕ್ಕೆ ಸಲ್ಲುವ ಶಾಸ್ತ್ರೀಯ ನಾಮ ರೊಸ್ಟ್ರಾಟುಲ ಬೆಂಗಾಲೆನ್ಸಿಸ್. ಗಂಡು ಹೆಣ್ಣುಗಳ ವಿಪರ್ಯಾಸವು ಕ್ರಮೇಣ ವಿದ್ವಾಂಸರಿಗೆ ತಿಳಿದು, 1871ರಲ್ಲಿ ಡಾರ್ವಿನ್ನನು ಮಾನವನ ವಂಶಾವಳಿಯನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ಒಂದು ಮುಖ್ಯ ನಿದರ್ಶನವಾಗಿ ಎತ್ತಿಕೊಂಡನು. ಇನ್ನೂ ಒಂದು ವಿಶೇಷವುಂಟು. ರಕ್ತಸಂಬಂಧವನ್ನು ಜೀವಕೋಶದೊಳಗಿನ ವಂಶತಂತುಗಳಿಂದಲೇ ಓದುವ ವಿದ್ಯೆ ಈಚೆಗೆ ಬಂದ ಮೇಲೆ, ಈ ಹಕ್ಕಿಗೆ ಹುಂಡುಕೋಳಿಯೂ ಹತ್ತಿರವಲ್ಲ, ಸ್ನೈಪೂ ಅಷ್ಟು ಹತ್ತಿರವಲ್ಲ, ತಾವರೆಯೆಲೆಯ ಮೇಲೆ ನಡೆಯುವ ದೇವನಕ್ಕಿಯೇ ಹತ್ತಿರದ ನೆಂಟನೆಂದು ತಿಳಿದುಬಂದಿದೆ. ಆ ದೇವನಕ್ಕಿಯ ಮನೆಯಲ್ಲಿಯೂ ಕಾವು ಕೂರುವುದು ಗಂಡೇ!

ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆದ ಬಗೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಮದರಾಸು ಸೈನ್ಯದಲ್ಲಿ ವೈದ್ಯರಾಗಿದ್ದ ಜರ್ಡನ್ ಎಂಬವರು ದಕ್ಷಿಣದ ಹಕ್ಕಿಗಳ ಪಟ್ಟಿಯನ್ನು ಮೊದಲು ಮಾಡಿ, 1862ರಿಂದ 1864ರವರೆಗೆ ಭಾರತದ ಪಕ್ಷಿಗಳನ್ನು ಕುರಿತ ದೊಡ್ಡ ಗ್ರಂಥವನ್ನು ಹೊರತಂದರು. ಊರಿನ ಜನ ಹಕ್ಕಿಯನ್ನು ಯಾವ ಹೆಸರಿನಿಂದ ಕರೆಯುತ್ತಾರೆಂಬುದನ್ನೂ ಅವರು ಕೇಳಿ ಬರೆದುಕೊಂಡರು. ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಕ್ರಮವಾಗಿ ಸಮೀಕ್ಷೆ ಮಾಡಿದವರು ಸಾಲಿಂ ಅಲಿ ಅವರು, 1939-40ರಲ್ಲಿ. ಅವರು ಸಂಗ್ರಹಿಸಿದ ಮಾದರಿಗಳನ್ನು ಇಂಗ್ಲೆಂಡಿನಲ್ಲಿದ್ದ ಹ್ಯೂ ವಿಸ್ಲರ್ ಅವರು ಪರಿಶೀಲಿಸಿದರು; ಫಲಿತಾಂಶವು 1942-43ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಭಾಗಭಾಗವಾಗಿ ಅಚ್ಚಾಯಿತು. ಆ ಕಾಲದಲ್ಲಿ ಹಕ್ಕಿಯನ್ನು ಗುರುತಿಸುವುದೆಂದರೆ ಬಂದೂಕಿನಿಂದ ಹೊಡೆದು ಕೈಗೆ ತೆಗೆದುಕೊಳ್ಳುವುದು. ಕೈಯಲ್ಲಿರುವ ಹಕ್ಕಿಯನ್ನು ಅಳೆಯಬಹುದು, ಮತ್ತೊಬ್ಬರಿಗೆ ಕಳುಹಿಸಬಹುದು. ಸಂದೇಹಕ್ಕೆ ಎಡೆ ಕಡಮೆ. ಈಗ ಬಂದೂಕಿನ ಸ್ಥಾನಕ್ಕೆ ದುರ್ಬೀನೂ ಕ್ಯಾಮರವೂ ಬಂದಿವೆ. ಹಕ್ಕಿಗೆ ಜೀವ ಉಳಿಯಿತು. ಆದರೆ ಪ್ರಮಾಣದ ಹೊಣೆ ನೋಡುವವನ ಮನಸ್ಸಿನ ಮೇಲೆ ಬಿದ್ದಿತು.

ಹೀಗಿರುವುದರಿಂದ, ದೂರದಿಂದ ನೋಡಿ ಹೆಸರಿಡುವವನು ಕೆಲವು ನಿಯಮಗಳನ್ನು ಪಾಲಿಸಬೇಕಾಗುತ್ತದೆ. ಮೊದಲು ಆಕಾರ, ಆಮೇಲೆ ಬಣ್ಣ. ಏಕೆಂದರೆ ಮುಸ್ಸಂಜೆಯ ಬೆಳಕು ಬಣ್ಣವನ್ನು ಬದಲಿಸುತ್ತದೆ, ಕೊಕ್ಕಿನ ಉದ್ದವನ್ನು ಬದಲಿಸಲಾರದು. ಎರಡನೆಯದು ನಡವಳಿಕೆ. ಸಾಮಾನ್ಯ ಸ್ನೈಪ್ ಎದ್ದರೆ ಒರಟಾದ ದನಿಯೊಡನೆ ಅಂಕುಡೊಂಕಾಗಿ ವೇಗದಿಂದ ಹಾರುತ್ತದೆ. ಬಣ್ಣದ ಸ್ನೈಪಾದರೋ ಕಾಲು ಜೋಲಿಸಿಕೊಂಡು ನಿಧಾನವಾಗಿ ಹಾರಿ ಹತ್ತಿರದಲ್ಲಿಯೇ ಇಳಿಯುತ್ತದೆ. ಮೂರನೆಯದು ಕಾಲ. ಸಾಮಾನ್ಯ ಸ್ನೈಪುಗಳು ಉತ್ತರ ದೇಶಗಳಿಂದ ಚಳಿಗಾಲಕ್ಕೆ ಬರುವ ಅತಿಥಿಗಳು, ಬೇಸಗೆಯಲ್ಲಿ ಹಿಂದಿರುಗುತ್ತವೆ. ಬಣ್ಣದ್ದು ಇಲ್ಲಿಯ ನಿವಾಸಿ. ಆಷಾಢದಲ್ಲಿ ಕೆಸರಿನಿಂದೆದ್ದ ಸ್ನೈಪನ್ನು ಅತಿಥಿಯೆಂದು ಬರೆಯುವ ಮೊದಲು ಎರಡು ಸಲ ಯೋಚಿಸಬೇಕು. ನಾಲ್ಕನೆಯದು, ಅಪರೂಪದ ಹೆಸರನ್ನು ಹೇಳುವ ಮುಂಚೆ ಸಾಮಾನ್ಯವಾದವುಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿರಬೇಕು. ಐದನೆಯದೂ ಕಷ್ಟವಾದದ್ದೂ ಆದ ನಿಯಮವೆಂದರೆ, ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಬರೆಯುವುದು. ನಮ್ಮ ಪುಸ್ತಕದಲ್ಲಿ 'ಒಂದು ಕೆಂಪು, ಒಂದು ಮಬ್ಬು' ಎಂಬುದು ಕಂಡದ್ದು. 'ಗಂಡು, ಹೆಣ್ಣು' ಎಂಬುದು ಊಹೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದದ್ದೇ ನಮ್ಮ ತಪ್ಪು.

ಆ ತಪ್ಪನ್ನು ನಾವು ಉಜ್ಜಿ ಅಳಿಸಲಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, 'ಏರಿಯ ಮೇಲೆ ಸಿಕ್ಕಿದ ವೃದ್ಧರ ಮಾತಿನಿಂದ ತಿದ್ದಿದ್ದು' ಎಂದು ಸೇರಿಸಿದೆವು. ಚಂದ್ರವಳ್ಳಿಯ ಶಾಸನವನ್ನು ಕುರಿತು ನಾವು ಮೊದಲು ಹೇಳಿದ ಮಾತಿನ ಪ್ರಯೋಜನ ಇಲ್ಲಿದೆ. ಅಲ್ಲಿ ಮೊದಲ ಓದು ದಾಖಲೆಯಲ್ಲಿ ಉಳಿದದ್ದರಿಂದಲೇ ಎರಡನೆಯ ಓದು ಸಾಧ್ಯವಾಯಿತು. ಶಾಸನವಾಗಲಿ ಹಕ್ಕಿಯಾಗಲಿ, ತಪ್ಪಾಗಿ ಓದುವುದು ದೊಡ್ಡ ಅಪರಾಧವಲ್ಲ. ತಿದ್ದುವುದಕ್ಕೆ ಬಾರದಂತೆ ಬರೆದಿಡುವುದು ಅಪರಾಧ.

ಇಷ್ಟೆಲ್ಲ ಶ್ರಮ ಒಂದು ಚಿಕ್ಕ ಹಕ್ಕಿಗಾಗಿ ಏಕೆ ಎಂದು ಯಾರಾದರೂ ಕೇಳಬಹುದು. ಇದು ಲೋಕದಿಂದ ಅಳಿದುಹೋಗುವ ಭಯದಲ್ಲಿರುವ ಜಾತಿಯೂ ಅಲ್ಲ. ಆಫ್ರಿಕದಿಂದ ಜಪಾನಿನವರೆಗೆ ಹರಡಿದೆ. ಅಪರೂಪವಾದದ್ದು ಅದರ ದರ್ಶನ. ಹಗಲೆಲ್ಲ ಅಲುಗದೆ ನಿಲ್ಲುವ, ಮುಸ್ಸಂಜೆಗೆ ಮಾತ್ರ ಹೊರಬರುವ ಪ್ರಾಣಿಯು ಮನುಷ್ಯನ ಕಣ್ಣಿಗೆ ಅಪರೂಪವೇ. ಆದರೆ ಈ ಎರಡು ಬಗೆಯ ಅಪರೂಪಗಳ ನಡುವಣ ಗೆರೆ ನಮ್ಮ ಬಯಲುಸೀಮೆಯಲ್ಲಿ ತೆಳುವಾಗುತ್ತಿದೆ. ಎಷ್ಟೋ ಕೆರೆಗಳ ಅಂಗಳವನ್ನು ಬಳ್ಳಾರಿ ಜಾಲಿ ಆಕ್ರಮಿಸಿದೆ. ಕೊಳವೆಬಾವಿ ಬಂದ ಮೇಲೆ ತೂಬನ್ನು ಕೇಳುವವರು ಕಡಮೆಯಾದರು. ಇನ್ನು ಕೆಲವು ಕಡೆ ಕೆರೆಯನ್ನು ಉದ್ಧಾರ ಮಾಡುತ್ತೇವೆಂದು ಹೊರಟವರು ಅಂಚನ್ನು ಕಡಿದಾಗಿ ಅಗೆದು ಬಟ್ಟಲಿನಂತೆ ಮಾಡಿಬಿಡುತ್ತಾರೆ. ಹೊರಗಿನಿಂದ ನೀರು ತಂದು ಈ ತಾಲ್ಲೂಕುಗಳ ಕೆರೆಗಳನ್ನು ತುಂಬಿಸುವ ಭದ್ರಾ ಮೇಲ್ದಂಡೆಯಂಥ ಯೋಜನೆಗಳನ್ನು ಜನ ಆಸೆಯಿಂದ ಎದುರುನೋಡುತ್ತಿರುವುದು ನ್ಯಾಯವೇ. ನೀರು ಬರಲಿ. ಆದರೆ ನೀರು ಬಂದೂ ಅಂಚು ಉಳಿಯದಿದ್ದರೆ, ಅದು ತೊಟ್ಟಿಯಾದೀತು; ಕೆರೆಯಾಗಲಾರದು. ತೊಟ್ಟಿಯಲ್ಲಿ ಈ ಹಕ್ಕಿಗೆ ಜಾಗವಿಲ್ಲ.

ಆದಕಾರಣ, ಹೊಳಲ್ಕೆರೆಯದೋ ಹೊಸದುರ್ಗದದೋ ಒಂದು ಕೆರೆಯ ಹಿಂಬದಿಯಲ್ಲಿ ಈ ಹಕ್ಕಿಯನ್ನು ಕಂಡು, ದಿನ, ಸ್ಥಳ, ಸಂಖ್ಯೆಗಳನ್ನು ಸರಿಯಾಗಿ ಬರೆದಿಟ್ಟರೆ, ಅದು ಬರಿಯ ವಿನೋದವಲ್ಲ. ಇಂಥ ವರ್ಷದ ಇಂಥ ತಿಂಗಳಲ್ಲಿ ಇಲ್ಲಿ ಒಂದು ಜೀವಂತವಾದ ಕೆರೆಯಿತ್ತು ಎಂಬುದಕ್ಕೆ ಅದೊಂದು ಸಾಕ್ಷಿ. ಸುಳ್ಳು ಹೆಸರು ಬರೆದರೆ ಅದು ಸುಳ್ಳು ಸಾಕ್ಷಿ. ಮಯೂರಶರ್ಮನ ಕಾಲದವರು ಬಂಡೆಯ ಮೇಲೆ ಬರೆದರು. ನಾವು ಅಗ್ಗದ ಪುಸ್ತಕದಲ್ಲಿ ಬರೆದರೂ ಕೆಲಸ ಅದೇ.

ಮರುವರ್ಷ ಅದೇ ಮಾಸದಲ್ಲಿ ನಾವು ಅದೇ ಕೆರೆಗೆ ಹೋದೆವು. ನೀರಿತ್ತು, ಜೊಂಡಿತ್ತು, ಕತ್ತಲಾಗುವವರೆಗೆ ಕಾದರೂ ಹಕ್ಕಿ ಕಾಣಲಿಲ್ಲ. ಅದು ಅಲ್ಲಿರಲಿಲ್ಲವೋ, ನಮ್ಮ ಕಣ್ಣೆದುರಿಗೇ ಅಲುಗದೆ ನಿಂತಿತ್ತೋ, ಹೇಳಲಾರೆವು. ಆದ್ದರಿಂದ ಪುಸ್ತಕದಲ್ಲಿ 'ಇಲ್ಲ' ಎಂದು ಬರೆಯಲಿಲ್ಲ. 'ಕಾಣಲಿಲ್ಲ' ಎಂದಷ್ಟೇ ಬರೆದೆವು. ಎದ್ದು ಏರಿಯ ಮೇಲಕ್ಕೆ ಬರುವಷ್ಟರಲ್ಲಿ ಹಿಂದಿನಿಂದ, ಸೀಸೆಯ ಬಾಯಿಗೆ ಯಾರೋ ಮೆಲ್ಲನೆ ಊದಿದಂತೆ, ಒಂದು ದನಿ ಕೇಳಿಸಿತು. ಹಿಂದಿರುಗಿ ಕುಳಿತು, ಕಡ್ಡಿ ಗೀರಿ, ಆ ಬೆಳಕಿನಲ್ಲಿ ಇನ್ನೊಂದು ಮಾತನ್ನು ಸೇರಿಸಿದೆವು: 'ಕೇಳಿಸಿತು.'